ಗಣಕನು ಗಣಕವಾದ ಕಥೆ

‘ಗಣಕ’ ಎಂದರೇನೆಂದು ಇಂದಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಅದೊಂದು ಯಂತ್ರವೆಂಬ ಉತ್ತರ ತಟ್ಟನೆ ಬರುವುದು. ಇದೇ ಪ್ರಶ್ನೆಯನ್ನು ಸಾವಿರ ವರ್ಷಗಳ ಹಿಂದೆ ಕೇಳಿದ್ದರೆ, ಉತ್ತರ ಹೇಳುವವನು ಒಬ್ಬ ಮನುಷ್ಯನತ್ತ ಬೆರಳು ಮಾಡಿ ತೋರಿಸುತ್ತಿದ್ದನು. ಆ ಗಣಕನಿಗೆ ಹಸಿವೆಯಿತ್ತು, ಸಂಸಾರವಿತ್ತು, ಸಂಬಳವಿತ್ತು. ಲೆಕ್ಕದಲ್ಲಿ ತಪ್ಪಿದರೆ ದಂಡವೂ ಇತ್ತು.

ಮನುಷ್ಯನ ಹೆಸರು ಯಂತ್ರಕ್ಕೆ ಹೋದುದು ಕನ್ನಡದಲ್ಲಿ ಮಾತ್ರ ನಡೆದ ಸಂಗತಿಯಲ್ಲ; ಇಂಗ್ಲಿಷಿನ ‘ಕಂಪ್ಯೂಟರ್’ ಶಬ್ದದ ಚರಿತ್ರೆಯೂ ಇದೇ ಆಗಿದೆ. ಆದರೆ ಇಂಗ್ಲಿಷಿನಲ್ಲಿ ಈ ಬದಲಾವಣೆ ಶಬ್ದದ ಮೈಮೇಲೆ ಯಾವ ಗುರುತನ್ನೂ ಉಳಿಸದೆ ನಡೆದುಹೋಯಿತು. ಕನ್ನಡದಲ್ಲಿ ಹಾಗಲ್ಲ. ನಮ್ಮ ಭಾಷೆ ಮನುಷ್ಯರನ್ನೂ ಉಳಿದ ವಸ್ತುಗಳನ್ನೂ ವಿಭಕ್ತಿಯಲ್ಲಿಯೇ ಬೇರ್ಪಡಿಸುತ್ತದೆ. ‘ಗಣಕನು ಬಂದನು’ ಎಂದರೆ ಮನುಷ್ಯ. ‘ಗಣಕವು ಕೆಟ್ಟಿತು’ ಎಂದರೆ ಯಂತ್ರ. ಗಣಕರು ಹೋಗಿ ಗಣಕಗಳು ಬಂದುವು. ಒಂದು ನಕಾರವು ಹೋಗಿ ಅದರ ಸ್ಥಾನದಲ್ಲಿ ವಕಾರವು ಕುಳಿತುದರಲ್ಲಿ ಎಷ್ಟು ಜನರ ದುಡಿಮೆಯ ಕಥೆ ಅಡಗಿದೆಯೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಕಥೆಯ ಕಡೆಯ ಭಾಗವನ್ನು ನೋಡಲು ನಾವು ದೂರದೇಶಗಳಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿರುವ ಬೆಳ್ಳಂದೂರಿನವರೆಗೆ ಹೋದರೆ ಸಾಕು. ಆದರೆ ಶಬ್ದದ ಹುಟ್ಟನ್ನು ಮೊದಲು ತಿಳಿಯಬೇಕು.

ಧಾತುವಿನಿಂದ ವೃತ್ತಿಗೆ

ಸಂಸ್ಕೃತದಲ್ಲಿ ‘ಗಣ್’ ಎಂಬ ಧಾತುವಿಗೆ ಎಣಿಸು ಎಂದು ಅರ್ಥ. ಗಣಿತ, ಗಣನೆ, ಪರಿಗಣನೆ, ಅಗಣಿತ ಎಂಬ ಪರಿಚಿತ ಶಬ್ದಗಳೆಲ್ಲ ಇದರ ಮಕ್ಕಳು. ಧಾತುವಿಗೆ ‘ಅಕ’ ಎಂಬ ಪ್ರತ್ಯಯ ಸೇರಿದರೆ ಆ ಕೆಲಸವನ್ನು ಮಾಡುವವನು ಎಂದಾಗುತ್ತದೆ. ಬರೆಯುವವನು ಲೇಖಕ, ಹಾಡುವವನು ಗಾಯಕ, ಓದುವವನು ಪಾಠಕ. ಹಾಗೆಯೇ ಎಣಿಸುವವನು ಗಣಕ.

ಈ ವೃತ್ತಿ ಬಹು ಪುರಾತನವಾದುದು. ಶುಕ್ಲ ಯಜುರ್ವೇದದ ವಾಜಸನೇಯಿ ಸಂಹಿತೆಯ 30ನೆಯ ಅಧ್ಯಾಯದಲ್ಲಿ ಅಂದಿನ ಸಮಾಜದ ನಾನಾ ವೃತ್ತಿಗಳವರ ಉದ್ದವಾದ ಪಟ್ಟಿಯಿದೆ. ಅದರಲ್ಲಿ ಊರಿನ ಮುಖಂಡನಾದ ಗ್ರಾಮಣಿಯ ಪಕ್ಕದಲ್ಲಿಯೇ ಗಣಕನು ಕಾಣಿಸಿಕೊಳ್ಳುತ್ತಾನೆ. ಅಲ್ಲಿ ಗಣಕನೆಂದರೆ ನಕ್ಷತ್ರಗಳನ್ನು ಎಣಿಸುವ ಜೋಯಿಸನೆಂದು ಹೆಚ್ಚಿನ ವಿದ್ವಾಂಸರು ಅರ್ಥಮಾಡುತ್ತಾರೆ. ಆದರೂ ಈ ನೆರೆಹೊರೆಯನ್ನು ನೋಡಿದಾಗ ನಮ್ಮ ಹಳ್ಳಿಗಳ ಪಟೇಲ ಮತ್ತು ಶಾನುಭೋಗರ ಜೋಡಿ ನೆನಪಿಗೆ ಬಾರದಿರದು. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನ ರಾಜ್ಯಭಾರವನ್ನು ವಿಚಾರಿಸುವಾಗ, ಗಣಕರೂ ಲೇಖಕರೂ ದಿನದಿನವೂ ಪೂರ್ವಾಹ್ಣದಲ್ಲಿ ಆಯವ್ಯಯವನ್ನು ಒಪ್ಪಿಸುತ್ತಿರುವರೇ ಎಂದು ಕೇಳುತ್ತಾನೆ. ಇಲ್ಲಿ ಗಣಕನು ಜೋಯಿಸನಲ್ಲ, ಬೊಕ್ಕಸದ ಲೆಕ್ಕಿಗ.

ಕೌಟಿಲ್ಯನಂತೂ ಅರ್ಥಶಾಸ್ತ್ರದಲ್ಲಿ ಲೆಕ್ಕದ ಇಲಾಖೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ವರ್ಷದ ಲೆಕ್ಕವನ್ನು ಆಷಾಢದಲ್ಲಿ ಒಪ್ಪಿಸಬೇಕು. ನಾನಾ ಕಡೆಗಳಿಂದ ಮುದ್ರೆಯೊತ್ತಿದ ಪುಸ್ತಕಗಳನ್ನೂ ಉಳಿಕೆ ಹಣವನ್ನೂ ಹೊತ್ತು ಬಂದ ಲೆಕ್ಕಿಗರನ್ನು, ಒಬ್ಬರೊಡನೊಬ್ಬರು ಮಾತನಾಡದಂತೆ ತಡೆಯಬೇಕೆಂದು ಅವನ ಕಟ್ಟಳೆ. ಪರೀಕ್ಷೆಯ ಕೊಠಡಿಯನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ! ಪರಸ್ಪರ ಹೊಂದಿಸಿಕೊಂಡು ಬರೆದ ಲೆಕ್ಕಗಳಲ್ಲಿ ತಪ್ಪನ್ನು ಹಿಡಿಯುವುದು ಕಷ್ಟ.

ಕನ್ನಡನಾಡಿನಲ್ಲಿಯೂ ಗಣಿತಕ್ಕೆ ಮನ್ನಣೆ ಬಹುಕಾಲದಿಂದ ಇದ್ದಿತು. ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಆದರೆ ಊರಿನಲ್ಲಿ ಕುಳಿತು ಕಂದಾಯವನ್ನು ಎಣಿಸುತ್ತಿದ್ದವನನ್ನು ನಮ್ಮ ಜನ ಗಣಕನೆಂದು ಕರೆದುದು ಕಡಮೆ. ಶಾಸನಗಳಲ್ಲಿ ಅವನು ಸೇನಬೋವ, ಕರಣ. ಮುಂದೆ ಶಾನುಭೋಗ, ಕರಣಿಕ. ಗಣಕನೆಂಬುದು ಪುಸ್ತಕದ ಮಾತಾಗಿ ಉಳಿಯಿತು. ಹೀಗೆ ಬಳಕೆಯಲ್ಲಿ ಸವೆಯದೆ ಉಳಿದ ಕಾರಣದಿಂದಲೇ, ಹೊಸ ಯಂತ್ರಕ್ಕೆ ಹೆಸರು ಬೇಕಾದಾಗ ಅದು ಸುಲಭವಾಗಿ ಕೈಗೆ ಸಿಕ್ಕಿತೆಂದು ನನಗೆ ತೋರುತ್ತದೆ.

ಕೊಂಬೆ ಸವರುವ ಮಾತು

ಈಗ ಕಂಪ್ಯೂಟರಿನ ವಂಶವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಪುತಾರೆ’ ಎಂದರೆ ಮೊದಲಿಗೆ ಚೊಕ್ಕಟಮಾಡು, ಗಿಡದ ಕೊಂಬೆಗಳನ್ನು ಸವರು ಎಂಬ ಅರ್ಥವಿತ್ತು. ಲೆಕ್ಕವನ್ನು ಚೊಕ್ಕಮಾಡುವುದೂ ಒಂದು ಬಗೆಯ ಸವರಿಕೆಯೇ ಆದುದರಿಂದ ಅದಕ್ಕೆ ಎಣಿಸು ಎಂಬ ಅರ್ಥ ಬಂದಿತು. ಎಣಿಸುವುದರಿಂದ ಭಾವಿಸು, ಯೋಚಿಸು ಎಂಬ ಅರ್ಥವೂ ಬೆಳೆಯಿತು. ‘ಒಟ್ಟಿಗೆ’ ಎಂಬ ಅರ್ಥದ ಉಪಸರ್ಗವು ಸೇರಿ ‘ಕೊಂಪುತಾರೆ’ ಆಯಿತು. ವೈದ್ಯರು ಕೈಕಾಲುಗಳನ್ನು ಕತ್ತರಿಸಿ ತೆಗೆಯುವುದಕ್ಕೆ ಹೇಳುವ ‘ಆಂಪ್ಯುಟೇಷನ್’ ಎಂಬ ಮಾತಿನಲ್ಲಿ ಮೂಲದ ಕತ್ತಿ ಇನ್ನೂ ಉಳಿದಿದೆ.

ಎಣಿಸುವುದು ಯೋಚಿಸುವುದಾಗುವ ಈ ದಾರಿ ನಮಗೇನೂ ಹೊಸದಲ್ಲ. ಕರಾವಳಿಯ ಕನ್ನಡಿಗರು ‘ನೀವು ಬರುವುದಿಲ್ಲವೆಂದು ಎಣಿಸಿದೆ’ ಎನ್ನುತ್ತಾರೆ. ಅಲ್ಲಿ ಎಣಿಸುವುದೆಂದರೆ ಭಾವಿಸುವುದು. ‘ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ’, ‘ಅವನ ಮಾತು ಗಣನೆಗೆ ಬರಲಿಲ್ಲ’ ಎಂಬ ಮಾತುಗಳಲ್ಲಿಯೂ ಸಂಖ್ಯೆಯಿಂದ ಮನಸ್ಸಿಗೆ ದಾಟಿದ ಹೆಜ್ಜೆಯಿದೆ. ಯಂತ್ರವು ಯೋಚಿಸಬಲ್ಲುದೆ ಎಂದು ಇಂದು ಲೋಕವೆಲ್ಲ ವಾದಿಸುತ್ತಿರುವಾಗ, ಎಣಿಕೆಗೂ ಯೋಚನೆಗೂ ಒಂದೇ ಮಾತನ್ನಿಟ್ಟುಕೊಂಡ ಭಾಷೆಗಳು ನೆನಪಿಗೆ ಬರುತ್ತವೆ.

ಇಂಗ್ಲಿಷಿನಲ್ಲಿ ‘ಕಂಪ್ಯೂಟರ್’ ಎಂಬ ಪದದ ತಿಳಿದಿರುವ ಅತಿ ಹಳೆಯ ಪ್ರಯೋಗ 1613ರಲ್ಲಿ, ರಿಚರ್ಡ್ ಬ್ರಾತ್‌ವೇಟ್ ಎಂಬ ಲೇಖಕನ ಪುಸ್ತಕದಲ್ಲಿ ದೊರೆಯುತ್ತದೆ. ಅಲ್ಲಿ ಅದರ ಅರ್ಥ ಕಾಲವನ್ನು ಎಣಿಸುವ ಮನುಷ್ಯ. ಮುಂದಿನ ಮುನ್ನೂರು ವರ್ಷಗಳ ಕಾಲ ಆ ಅರ್ಥವೇ ನಡೆದು ಬಂದಿತು. ಹ್ಯಾಲಿಯ ಧೂಮಕೇತು ಮರಳುವ ಕಾಲವನ್ನು ಸೂಕ್ಷ್ಮವಾಗಿ ಗಣಿಸಿದವರು ಫ್ರಾನ್ಸಿನ ಮೂವರು: ಕ್ಲೇರೊ, ಲಲಾಂದ್, ಮತ್ತು ನಿಕೋಲ್ ರೇನ್ ಲಪೋತ್ ಎಂಬ ಮಹಿಳೆ. 1758ರಲ್ಲಿ ಅವರು ತಿಂಗಳುಗಟ್ಟಲೆ ಲೆಕ್ಕಮಾಡಿ, ಗುರು ಮತ್ತು ಶನಿಗ್ರಹಗಳ ಸೆಳೆತದಿಂದ ಧೂಮಕೇತುವಿಗಾಗುವ ವಿಳಂಬವನ್ನು ನಿರ್ಧರಿಸಿದರು. 1759ರ ಏಪ್ರಿಲ್ ನಡುವಿನ ಹೊತ್ತಿಗೆ, ಹೆಚ್ಚೆಂದರೆ ಒಂದು ತಿಂಗಳು ಹಿಂದುಮುಂದಾಗಿ, ಅದು ಸೂರ್ಯನಿಗೆ ಅತಿ ಸಮೀಪಕ್ಕೆ ಬರುವುದೆಂದು ಅವರು ಸಾರಿದರು. ಅದು ಬಂದುದು ಮಾರ್ಚ್ 13ರಂದು. ಕೈಯಿಂದ ಮಾಡಿದ ಲೆಕ್ಕಕ್ಕೆ, 76 ವರ್ಷಗಳ ಪಯಣದಲ್ಲಿ ಒಂದು ತಿಂಗಳ ವ್ಯತ್ಯಾಸ!

ಬೆಂಗಳೂರಿನ ಬಯಲಿನಿಂದ ಹಿಮಾಲಯಕ್ಕೆ

ಕಂಪ್ಯೂಟರನೆಂಬ ಮನುಷ್ಯನು ಭಾರತಕ್ಕೆ ಬಂದುದು ಭೂಮಾಪನದ ಬೆನ್ನುಹತ್ತಿ. ಅದರ ಮೊದಲ ಹೆಜ್ಜೆಗಳಲ್ಲೊಂದು ನಮ್ಮ ಬೆಂಗಳೂರಿನ ಬಳಿಯೇ ಬಿದ್ದಿತೆಂಬುದು ಅನೇಕರಿಗೆ ತಿಳಿಯದು. 1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ನೂರು ಅಡಿಯ ಉಕ್ಕಿನ ಸರಪಳಿಯನ್ನು ಹಿಡಿದು, ಬೆಂಗಳೂರಿನ ಹತ್ತಿರದ ಬಯಲಿನಲ್ಲಿ ಏಳು ಮೈಲಿಗೂ ಮಿಕ್ಕಿದ ನೇರ ರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣಕ್ಕೆ ಇದು ಪೂರ್ವಸಿದ್ಧತೆಯಂತಿತ್ತು.

ಕ್ರಮವು ಸರಳವೇ. ತ್ರಿಕೋನದ ಒಂದು ಬಾಹುವನ್ನೂ ಅದರ ಎರಡು ತುದಿಗಳ ಕೋನಗಳನ್ನೂ ಅಳೆದರೆ ಉಳಿದೆರಡು ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ಹಾಗೆ ದೊರೆತ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ನೆಲದ ಮೇಲೆ ಅಳೆಯುವುದು ಸ್ವಲ್ಪ. ಕಾಗದದ ಮೇಲೆ ಎಣಿಸುವುದು ಬೆಟ್ಟದಷ್ಟು. ಭೂಮಿಯು ಚಪ್ಪಟೆಯಲ್ಲದ ಕಾರಣ ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶಗಳಿಗಿಂತ ತುಸು ಹೆಚ್ಚಾಗುತ್ತದೆ; ಬೆಳಕು ಗಾಳಿಯಲ್ಲಿ ಬಾಗುವುದರಿಂದ ದೂರದ ಶಿಖರ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಇವನ್ನೆಲ್ಲ ತಿದ್ದಲು ಗಣಕರು ಬೇಕು.

ಅಂಥವರಲ್ಲೊಬ್ಬನು ರಾಧಾನಾಥ ಸಿಕ್‌ದಾರ್. ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ ಈ ತರುಣನು 1831ರಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಕಂಪ್ಯೂಟರನಾಗಿ ಸರ್ವೆಯನ್ನು ಸೇರಿದನು. ಮುಂದೆ ಮುಖ್ಯ ಕಂಪ್ಯೂಟರನಾದನು. ನೂರು ಮೈಲಿಗಳಿಗೂ ಆಚೆಯಿಂದ ಅಳೆದ ಕೋನಗಳನ್ನು ಇಟ್ಟುಕೊಂಡು, ‘15ನೆಯ ಶಿಖರ’ವೆಂದು ಮಾತ್ರ ಕರೆಯಲ್ಪಡುತ್ತಿದ್ದ ಒಂದು ಹಿಮಾಲಯ ಶೃಂಗವು ಲೋಕದಲ್ಲೆಲ್ಲ ಅತ್ಯುನ್ನತವಾದುದೆಂಬ ನಿರ್ಣಯಕ್ಕೆ 1852ರ ಸುಮಾರಿನಲ್ಲಿ ದಾರಿಮಾಡಿದ ಲೆಕ್ಕದ ಕೆಲಸ ಅವನದು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ ಮೂವತ್ತು ಅಡಿಗಳಷ್ಟು. ಶಿಖರಕ್ಕೆ 1865ರಲ್ಲಿ ಸ್ಥಿರವಾದ ಹೆಸರು ಎವರೆಸ್ಟ್ ಎಂಬ ಅಧಿಕಾರಿಯದು.

ಸಿಕ್‌ದಾರನ ಹೆಸರಿಗೆ ಇನ್ನೂ ಒಂದು ಅನ್ಯಾಯ ಒದಗಿತು. 1851ರಲ್ಲಿ ಪ್ರಕಟವಾದ ಸರ್ವೆಯ ಕೈಪಿಡಿಯಲ್ಲಿ ಶಾಸ್ತ್ರಭಾಗಗಳಿಗೆ ಅವನ ನೆರವನ್ನು ಮುನ್ನುಡಿಯು ಸ್ಮರಿಸಿತ್ತು. ಅವನು 1870ರಲ್ಲಿ ತೀರಿಕೊಂಡನು. 1875ರ ಮುದ್ರಣದಲ್ಲಿ ಅವನ ಲೆಕ್ಕಗಳು ಉಳಿದುವು. ಹೆಸರು ಮಾತ್ರ ಮಾಯವಾಯಿತು. ಅಂದಿನ ಪತ್ರಿಕೆಯೊಂದು ಇದನ್ನು ಸತ್ತವರ ಸೊತ್ತಿನ ಸುಲಿಗೆಯೆಂದು ಖಂಡಿಸಿತು. ಗಣಕನೆಂಬ ಹೆಸರು ಯಂತ್ರಕ್ಕೆ ಅಷ್ಟು ಸಲೀಸಾಗಿ ಹೋದುದೇಕೆ ಎಂಬುದಕ್ಕೆ ಇದೂ ಒಂದು ಉತ್ತರ. ಎಣಿಸುವವನನ್ನು ಮೊದಲೇ ಉಪಕರಣವೆಂದು ಭಾವಿಸಿದ್ದವರಿಗೆ, ನಿಜವಾದ ಉಪಕರಣ ಬಂದಾಗ ಹೊಸ ಹೆಸರನ್ನು ಹುಡುಕುವ ಪ್ರಯಾಸವೇಕೆ?

ಹೆಸರು ಕೈಬದಲಾದುದು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಾಶ್ಚಾತ್ಯ ದೇಶಗಳ ಕಂಪ್ಯೂಟರರಲ್ಲಿ ಬಹುಮಂದಿ ಸ್ತ್ರೀಯರು. (ಗಣಕನಿಗೆ ಕನ್ನಡದಲ್ಲಿ ರೂಢಿಯಾದ ಸ್ತ್ರೀಲಿಂಗ ರೂಪವಿಲ್ಲ, ‘ಗಣಿಕೆ’ ಎಂಬ ಶಬ್ದಕ್ಕೆ ಬೇರೆಯೇ ಅರ್ಥವಿರುವುದರಿಂದ ಅದನ್ನು ಮುಟ್ಟುವಂತಿಲ್ಲ.) ಹಾರ್ವರ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರಗಳನ್ನು ವರ್ಗೀಕರಿಸಿದ ಆ್ಯನಿ ಜಂಪ್ ಕ್ಯಾನನ್, ನಕ್ಷತ್ರಗಳ ದೂರವನ್ನು ತಿಳಿಯಲು ದಾರಿತೋರಿದ ಹೆನ್ರಿಯೆಟಾ ಲೆವಿಟ್ ಇವರೆಲ್ಲ ಅಂಥ ಕೆಲಸಕ್ಕೆ ಸೇರಿದವರೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಫಿರಂಗಿಯ ಗುಂಡಿನ ಪಥವನ್ನು ಎಣಿಸುತ್ತಿದ್ದ ತರುಣಿಯರ ಹುದ್ದೆಯ ಹೆಸರೇ ಕಂಪ್ಯೂಟರ್. ಒಂದು ಪಥಕ್ಕೆ ಅವರಿಗೆ ಹತ್ತಾರು ಗಂಟೆಗಳು ಹಿಡಿಯುತ್ತಿದ್ದುವು. 1946ರಲ್ಲಿ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ತೋರಿಸಲಾದ ಎನಿಯಾಕ್ ಯಂತ್ರವು ಅದನ್ನು ಅರ್ಧ ನಿಮಿಷದಲ್ಲಿ ಮುಗಿಸಿತು. ಆ ಯಂತ್ರಕ್ಕೆ ಕೆಲಸವನ್ನು ಕಲಿಸಲು ಆರಿಸಿಕೊಂಡದ್ದು ಅದೇ ತರುಣಿಯರಲ್ಲಿ ಆರು ಮಂದಿಯನ್ನು. ಕಂಪ್ಯೂಟರರೇ ಕಂಪ್ಯೂಟರನ್ನು ನಡೆಸಿದರು!

ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗನ ಎರಡು ಪ್ರಬಂಧಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಸರು ಕೈಬದಲಾಗುವುದು ಕಣ್ಣಿಗೆ ಕಟ್ಟುತ್ತದೆ. 1936ರದರಲ್ಲಿ ಕಂಪ್ಯೂಟರನೆಂದರೆ ಕಾಗದ ಪೆನ್ಸಿಲು ಹಿಡಿದ ಮನುಷ್ಯ. 1950ರದರಲ್ಲಿ ‘ಮಾನವ ಕಂಪ್ಯೂಟರ್’, ‘ಅಂಕೀಯ ಕಂಪ್ಯೂಟರ್’ ಎಂಬ ಎರಡು ಜಾತಿಗಳು ಕಾಣಿಸಿಕೊಳ್ಳುತ್ತವೆ. ಆದರೂ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮವರೇ ನಿರ್ಮಿಸಿ 1960ರಲ್ಲಿ ಕೆಲಸಕ್ಕೆ ತೊಡಗಿಸಿದ ‘ಟಿಫ್ರಾಕ್’ ಯಂತ್ರದ ಹೆಸರಿನ ಕೊನೆಯ ಅಕ್ಷರ ಸೂಚಿಸುವುದು ಕಂಪ್ಯೂಟರನ್ನಲ್ಲ, ಕ್ಯಾಲ್ಕ್ಯುಲೇಟರನ್ನು.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಉತ್ತರ ಹೇಳಿದರು. ಲೋಕವು ಅವರನ್ನು ‘ಮಾನವ ಕಂಪ್ಯೂಟರ್’ ಎಂದು ಹೊಗಳಿತು. 1613ರ ಬ್ರಾತ್‌ವೇಟನು ಇದನ್ನು ಕೇಳಿದ್ದರೆ ‘ಮಾನವ ಲೇಖಕ’, ‘ಮಾನವ ಗಾಯಕ’ ಎಂದಂತೆ ಅನವಶ್ಯಕವಾದ ವಿಶೇಷಣವೆಂದು ನಗುತ್ತಿದ್ದನೇನೋ. ಅಷ್ಟು ಹೊತ್ತಿಗೆ ಹೆಸರಿನ ಒಡೆತನ ಸಂಪೂರ್ಣವಾಗಿ ಯಂತ್ರಕ್ಕೆ ಸೇರಿ, ಎಣಿಸುವ ಮನುಷ್ಯನೇ ವಿಶೇಷಣವನ್ನು ಧರಿಸಿಕೊಂಡು ಬರಬೇಕಾಗಿತ್ತು.

ಎಲ್ಲ ಭಾಷೆಗಳೂ ಈ ಜಾಡನ್ನು ಹಿಡಿಯಲಿಲ್ಲ. ಫ್ರೆಂಚರು 1955ರಲ್ಲಿ ‘ಕ್ರಮಪಡಿಸುವವನು’ ಎಂಬರ್ಥದ ‘ಓರ್ದಿನಾತ್ಯೂರ್’ ಎಂಬ ಮಾತನ್ನು ಆರಿಸಿಕೊಂಡರು. ಜಗತ್ತನ್ನು ಕ್ರಮಪಡಿಸುವ ದೇವರಿಗೆ ಹಿಂದೆ ಬಳಸುತ್ತಿದ್ದ ಶಬ್ದ ಅದು. ಚೀನೀಯರಿಗೆ ಇದು ‘ವಿದ್ಯುತ್ ಮಿದುಳು’. ಐಸ್ಲೆಂಡಿನವರು ‘ಸಂಖ್ಯೆ’ ಎಂಬ ಮಾತನ್ನೂ ‘ಭವಿಷ್ಯ ನುಡಿಯುವವಳು’ ಎಂಬ ಮಾತನ್ನೂ ಬೆಸೆದು ‘ತಲ್ವ’ ಎಂದು ಕರೆದರು. ತಮಿಳರ ‘ಕಣಿನಿ’ಯ ಮೂಲವಾದ ‘ಕಣಿ’ಗೆ ಎಣಿಸು ಎಂಬ ಅರ್ಥವೂ ಜೋಯಿಸನೆಂಬ ಅರ್ಥವೂ ಉಂಟು, ನಮ್ಮ ಕೊರವಂಜಿ ಹೇಳುವುದೂ ಕಣಿಯನ್ನೇ. ಎಣಿಸಬಲ್ಲವನು ಮುಂದಿನದನ್ನೂ ಬಲ್ಲನೆಂಬ ನಂಬಿಕೆ ಮನುಷ್ಯನಿಗೆ ಎಲ್ಲ ಕಡೆಯಲ್ಲಿಯೂ ಇದ್ದಂತೆ ಕಾಣುತ್ತದೆ. ಮರಾಠಿ ಹಿಂದಿಗಳು ‘ಸಂಗಣಕ’ವೆಂದುವು. ಕನ್ನಡವು ಮೊದಲು ಎಚ್ಚರಿಕೆಯಿಂದ ‘ಗಣಕಯಂತ್ರ’ವೆಂದಿತು. ಎಣಿಸುವ ಮನುಷ್ಯ ಬೇರೆ, ಯಂತ್ರ ಬೇರೆ ಎಂಬ ವಿವೇಕ ಆ ಸಮಾಸದಲ್ಲಿದೆ. ಕ್ರಮೇಣ ‘ಯಂತ್ರ’ವು ಉದುರಿಹೋಗಿ ಬರಿಯ ‘ಗಣಕ’ ಉಳಿಯಿತು.

ಬೆಳ್ಳಂದೂರಿನ ಕಡತಗಳು

ಬೆಳ್ಳಂದೂರು ಇಂದು ಗಣಕಗಳ ಊರು. ವರ್ತುಲ ರಸ್ತೆಯುದ್ದಕ್ಕೂ ಗಾಜಿನ ಸೌಧಗಳು; ಅವುಗಳ ಒಳಗೆ ಸಾವಿರಾರು ಯಂತ್ರಗಳು, ಅವನ್ನು ನಡೆಸುವ ತರುಣರು. ಒಂದು ಪಕ್ಕದಲ್ಲಿ ನಗರದ ಅತ್ಯಂತ ದೊಡ್ಡ ಕೆರೆ. 2015ರಿಂದೀಚೆಗೆ ನೊರೆಯಿಂದಲೂ ಬೆಂಕಿಯಿಂದಲೂ ಅದು ಸುದ್ದಿಯಾದುದನ್ನು ವಾಚಕರು ಬಲ್ಲರು. ಆದರೆ ವರ್ತೂರು ಹೋಬಳಿಗೆ ಸೇರಿದ ಈ ಊರು ಅದಕ್ಕೆ ಮೊದಲು ಗದ್ದೆ ತೋಟಗಳ ಹಳ್ಳಿಯಾಗಿತ್ತು. ಇಂಥ ಹಳ್ಳಿಗಳಲ್ಲಿ ಲೆಕ್ಕವಿಡುತ್ತಿದ್ದವನು ಶಾನುಭೋಗ.

ಶಾನುಭೋಗನ ಉಪಕರಣಗಳು ಯಾವುವು? ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿ ಮಡಿಸಿದ ಕಪ್ಪು ಬಟ್ಟೆಯ ಕಡತ. ಅದರ ಮೇಲೆ ಬರೆಯಲು ಬಳಪ. ಅಳಿಸಿ ಮತ್ತೆ ಬರೆಯಬಹುದಾದ, ಬಹುಕಾಲ ಬಾಳುವ ಸಾಧನ ಅದು. ಬಾಲ್ಯದಲ್ಲಿ ಹೇಳಿಕೊಂಡ ಮಗ್ಗಿ ತಲೆಯಲ್ಲಿತ್ತು. ಹಾಗವೆಂದರೆ ಕಾಲುಭಾಗ, ವೀಸವೆಂದರೆ ಹದಿನಾರರಲ್ಲೊಂದು, ಕಾಣಿಯೆಂದರೆ ಅರುವತ್ತನಾಲ್ಕರಲ್ಲೊಂದು. ಇವೆಲ್ಲವೂ ಅರ್ಧವನ್ನು ಅರ್ಧಮಾಡುತ್ತ ಇಳಿದ ಭಿನ್ನರಾಶಿಗಳೆಂಬುದನ್ನು ಗಮನಿಸಬೇಕು. ಇಂದಿನ ಯಂತ್ರವು ಎಣಿಸುವುದೂ ಎರಡರ ಘಾತಗಳಲ್ಲಿಯೇ.

ಹಳೆಯ ಲೆಕ್ಕಿಗನೆಂದರೆ ಸತ್ಯಸಂಧನೆಂದು ಭಾವಿಸುವುದು ಮೂಢತನ. ಕಡತವು ಒಬ್ಬನ ಕೈಯಲ್ಲಿದ್ದುದರಿಂದ ಹೊಲದ ಹೆಸರನ್ನು ಬದಲಿಸುವ ಶಕ್ತಿಯೂ ಆ ಕೈಗಿತ್ತು. ಓದುಬಾರದ ರೈತನು ಅದಕ್ಕೆ ಅಂಜಿ ನಡೆಯುತ್ತಿದ್ದನು. ವಂಶಪಾರಂಪರ್ಯದ ಈ ಹುದ್ದೆಯನ್ನು 1961ರ ಕಾಯಿದೆಯು ರದ್ದುಮಾಡಿತು. 1963ರಲ್ಲಿ ಅದು ಜಾರಿಗೆ ಬಂದಿತು. ಶಾನುಭೋಗನ ಸ್ಥಾನಕ್ಕೆ ಸರ್ಕಾರದಿಂದ ನೇಮಕವಾದ ‘ಗ್ರಾಮಲೆಕ್ಕಿಗ’ನು ಬಂದನು.

1990ರ ದಶಕದ ಕೊನೆಯ ವರ್ಷಗಳಲ್ಲಿ ಬೆಳ್ಳಂದೂರಿನ ಗ್ರಾಮ ಪಂಚಾಯತಿಯು ತನ್ನ ತೆರಿಗೆಯ ಲೆಕ್ಕ ಮೊದಲಾದ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ದೊಡ್ಡ ಕಚೇರಿಗಳೇ ಹಿಂದುಮುಂದು ನೋಡುತ್ತಿದ್ದ ಕಾಲದಲ್ಲಿ ಹಳ್ಳಿಯ ಪಂಚಾಯತಿಯೊಂದು ಹೀಗೆ ಮಾಡಿದುದು ನಾಡಿನ ಗಮನವನ್ನು ಸೆಳೆಯಿತು. ಇಂಥ ಕೆಲಸಕ್ಕೆ ‘ಗಣಕೀಕರಣ’ವೆಂಬ ಹೊಸ ಮಾತು ಬಳಕೆಗೆ ಬಂದಿತು. ಹಳೆಯ ಕಡತವೆಂಬ ಶಬ್ದವೂ ನಾಶವಾಗಲಿಲ್ಲ. ಮೊದಲು ಕಚೇರಿಯ ಕಾಗದದ ಕಟ್ಟಿಗೆ, ಬಳಿಕ ಯಂತ್ರದೊಳಗಿನ ‘ಫೈಲ್’ಗೆ ಅದೇ ಹೆಸರಾಯಿತು. ಹುಣಿಸೆಬೀಜದ ಬಟ್ಟೆ ಈಗ ವಿದ್ಯುತ್ತಿನ ಗುರುತುಗಳ ಕಂತೆ! 2007ರಲ್ಲಿ ಬೆಳ್ಳಂದೂರು ಬೆಂಗಳೂರಿನ ಬೃಹತ್ ಮಹಾನಗರಪಾಲಿಕೆಯಲ್ಲಿ ಸೇರಿಹೋಯಿತು, ಪಂಚಾಯತಿಯೇ ಇಲ್ಲವಾಯಿತು.

ಬೆಳ್ಳಂದೂರು ಒಂದು ಊರಿಗೆ ಮಾಡಿದುದನ್ನು ‘ಭೂಮಿ’ ಎಂಬ ಯೋಜನೆ ರಾಜ್ಯಕ್ಕೆಲ್ಲ ಮಾಡಿತು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲಿಕರ 2 ಕೋಟಿಯಷ್ಟು ಪಹಣಿಗಳು ಯಂತ್ರವನ್ನು ಸೇರಿದುವು. ಅದುವರೆಗೆ ಪಹಣಿ ಬೇಕಾದವನು ಗ್ರಾಮಲೆಕ್ಕಿಗನನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು, ಕೈ ಬೆಚ್ಚಗೆ ಮಾಡಬೇಕಾಗಿತ್ತು. ಬಳಿಕ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಹಾಳೆ ಸಿಕ್ಕಿತು. ಇದು ಸಣ್ಣ ಲಾಭವಲ್ಲ.

ಆದರೆ ಒಂದು ತೊಡಕೂ ಅದರೊಡನೆಯೇ ಬಂದಿತು. ಅದು ಮತ್ತೆ ವ್ಯಾಕರಣದಲ್ಲಿಯೇ ಕಾಣುತ್ತದೆ. ಹಿಂದೆ ಪಹಣಿಯಲ್ಲಿ ತಪ್ಪು ಹೆಸರು ಬಿದ್ದರೆ ರೈತನು ‘ಶಾನುಭೋಗನು ಹೀಗೆ ಬರೆದನು’ ಎನ್ನುತ್ತಿದ್ದನು. ವಾಕ್ಯಕ್ಕೆ ಕರ್ತೃವಿದ್ದನು, ಅವನ ಮನೆಯ ಬಾಗಿಲೂ ಗೊತ್ತಿತ್ತು. ಇಂದು ಯಾವ ಕಚೇರಿಯಲ್ಲಿ ಕೇಳಿದರೂ ಬರುವ ಉತ್ತರ: ‘ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ.’ ಬರೆದವನಾರು, ನೋಡಿ ಒಪ್ಪಿದವನಾರು ಎಂಬುದಕ್ಕೆ ಈ ವಾಕ್ಯದಲ್ಲಿ ಸ್ಥಳವಿಲ್ಲ. ಯಂತ್ರವು ತಾನಾಗಿ ಹೆಸರನ್ನು ಕಟ್ಟಿ ಬರೆಯುವುದಿಲ್ಲ. ಯಾರೋ ಒಬ್ಬರ ಬೆರಳು ಕೀಲಿಯನ್ನು ಒತ್ತಿರಲೇಬೇಕು. ಕೌಟಿಲ್ಯನು ಆಷಾಢದಲ್ಲಿ ಕರೆಸಿ ಕೂರಿಸಬೇಕಾದವನು ಆ ಬೆರಳಿನ ಒಡೆಯನೇ ಹೊರತು ಯಂತ್ರವಲ್ಲ.

ಗ್ರಾಮಲೆಕ್ಕಿಗನ ಹುದ್ದೆಗೆ ಈಚೆಗೆ ‘ಗ್ರಾಮ ಆಡಳಿತಾಧಿಕಾರಿ’ ಎಂದು ಹೆಸರಿಡಲಾಗಿದೆ. ಲೆಕ್ಕವು ಯಂತ್ರಕ್ಕೆ ಹೋದ ಮೇಲೆ ಲೆಕ್ಕಿಗನೆಂಬ ಮಾತೂ ಹುದ್ದೆಯಿಂದ ಬಿಟ್ಟುಹೋಯಿತು. ಬೆಳ್ಳಂದೂರಿನಲ್ಲಿ ಎಣಿಸಲು ಪೈರು ಉಳಿದಿರುವುದು ಕಡಮೆ. ಉಳಿದ ಹಳ್ಳಿಗಳಲ್ಲಿ ಯಾವ ಹೊಲದಲ್ಲಿ ಯಾವ ಬೆಳೆಯಿದೆಯೆಂಬುದನ್ನು ಈಗ ಮೊಬೈಲಿನಲ್ಲಿ ಚಿತ್ರ ತೆಗೆದು ದಾಖಲಿಸುತ್ತಾರೆ. ಅದಕ್ಕೂ ಒಬ್ಬರು ಬದುವಿನ ಮೇಲೆ ನಡೆದು ಹೋಗಲೇಬೇಕು; ರಾಗಿಯೋ ಜೋಳವೋ ಎಂದು ಕಣ್ಣಾರೆ ಕಂಡು ಗುರುತಿಸಬೇಕು. ರೈತರಲ್ಲದೆ ಊರಿನ ತರುಣರೂ ಈ ಕೆಲಸವನ್ನು ಮಾಡುತ್ತಾರೆ. ಹಿಂದೆ ಗಣಕ, ಸೇನಬೋವ, ಕರಣಿಕ, ಶಾನುಭೋಗ, ಲೆಕ್ಕಿಗ ಎಂದು ಸಾಲುಸಾಲಾಗಿ ಹೆಸರುಗಳಿದ್ದ ಈ ಕೆಲಸವನ್ನು ಮಾಡುವ ಆ ತರುಣರಿಗೆ ಸರ್ಕಾರದ ಕಾಗದಪತ್ರಗಳಲ್ಲಿ ಇರುವ ಹೆಸರು ‘ಖಾಸಗಿ ನಿವಾಸಿ’.